ಮೊಟ್ಟೆಯ ತೂಕ, ಸೌತೆಕಾಯಿಯ ತೂಕ

ಮೊಟ್ಟೆ ಹೆಚ್ಚೋ ಸೌತೆಕಾಯಿ ಹೆಚ್ಚೋ ಎಂದು ಯಾರಾದರೂ ಕೇಳಿದರೆ ಬೇರೆಯವರು ನಗಬಹುದು. ನಾನು ಮಾತ್ರ ಕುರ್ಚಿ ಎಳೆದು ಕೂರುತ್ತೇನೆ. ಹಿಂದೊಮ್ಮೆ ನನ್ನ ಜೀವವೇ ಆ ಎರಡರ ನಡುವೆ ತೂಗಾಡಿತ್ತು. ನಮ್ಮ ಕಾಲದಲ್ಲಿ ಕ್ಷಯ ಬಂದವರು ಅದರ ಹೆಸರು ಹೇಳುತ್ತಿರಲಿಲ್ಲ. ‘ಎದೆ ಸ್ವಲ್ಪ ಸರಿಯಿಲ್ಲ’ ಎಂದು ಮಾತು ತೇಲಿಸುತ್ತಿದ್ದರು. ನಾನು ಹೇಳುತ್ತೇನೆ. ನನಗೆ ಬಂದದ್ದು ಕ್ಷಯವೇ, ಬಲಗಡೆಯ ಶ್ವಾಸಕೋಶದಲ್ಲಿ. ಬದುಕಿದ್ದೇನೆ, ಮೊಮ್ಮಕ್ಕಳನ್ನು ಗದರುವಷ್ಟು ದನಿಯೂ ಉಳಿದಿದೆ. ಈಗ ಯಾರಾದರೂ ಎಕ್ಸ್‌ರೇ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರೆ, ಪಕ್ಕದಲ್ಲಿ ಒಬ್ಬ ಮಾತುಗಾತಿ ಮುದುಕಿಯೂ ಕೂತಿದ್ದಾಳೆ ಅಂತ ಅವರು ತಿಳಿದುಕೊಂಡರೆ ಸಾಕು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮವರು ಮಡಿಕೇರಿಯಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತರು. ‘ಇಷ್ಟು ದಿನ ಕಾಗದ ಪಕ್ಕದ ಕೋಣೆಗೆ ಹೋಗಿ ಬರ್ತಿತ್ತು, ಈಗ ಬೆಂಗಳೂರಿಗೆ ಹೋಗಿ ಬರ್ತದೆ’ ಎಂದು ದಿನವೂ ಗೊಣಗುತ್ತಿದ್ದರು. ಮಾವ ಊರೊಳಗಿನ ಒಂದು ಸಣ್ಣ ದೇವಸ್ಥಾನದ ಅರ್ಚಕರು. ನೈವೇದ್ಯದ ಅನ್ನ ಬೇಯುತ್ತಿದ್ದುದು ನಮ್ಮ ಮನೆಯಲ್ಲೇ, ಅತ್ತೆಯ ಕೈಯಲ್ಲಿ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಒಲೆ ಮುಂದೆ ಕೂತರೆ, ಆ ಅನ್ನ ದೇವಸ್ಥಾನಕ್ಕೆ ಹೋಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ, ಮಾತಾಡಿಸುವಂತೆಯೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಅದನ್ನು ಒಂದು ದಿನವೂ ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಜ್ವರ ಬಂದರೂ ಬಿಡಲಿಲ್ಲ. ಅದು ಅವರ ಹೆಮ್ಮೆ. ನನಗೆ ಅವರನ್ನು ಕಂಡರೆ ಭಯ. ತಾಯಿ ಇಲ್ಲದೆ ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು ನಾನು. ಹಿರಿಯರ ಹತ್ತಿರ ಸಲಿಗೆ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಎಲ್ಲದಕ್ಕೂ ‘ಯಾಕೆ’ ಎಂದು ಕೇಳುವ ಚಟ ಒಂದಿತ್ತು. ಹೈಸ್ಕೂಲು ಮುಗಿಸಿದ್ದೆ, ವಿಜ್ಞಾನದ ಟೀಚರಾಗುವ ಆಸೆಯಿತ್ತು, ಅಷ್ಟರಲ್ಲಿ ಮದುವೆಯಾಯಿತು.

ಮಗಳು ಗೋಡೆ ಹಿಡಿದು ನಿಲ್ಲಲು ಕಲಿತ ಹೊತ್ತಿಗೆ ನನಗೆ ಸಂಜೆ ಸಂಜೆ ಜ್ವರ ಬರತೊಡಗಿತು. ಕೆಮ್ಮು. ಒಂದು ದಿನ ಬಟ್ಟೆ ಒಗೆಯುವಾಗ ಕೆಮ್ಮಿದರೆ ಕಲ್ಲಿನ ಮೇಲೆ ಕೆಂಪು ಬಿತ್ತು. ಮೊದಲು ನೀರು ಹಾಕಿ ತೊಳೆದೆ. ಆಮೇಲೆ ಕೂತು ಯೋಚಿಸಿದೆ, ಇದು ಗಂಟಲಿನದೋ ಎದೆಯದೋ ಅಂತ. ಎದೆಯದು ನೊರೆನೊರೆಯಾಗಿರುತ್ತದೆ ಎಂದು ಎಲ್ಲೋ ಓದಿದ್ದೆ. ತೊಳೆಯುವ ಮೊದಲು ನೋಡಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ. ಹೆದರಿಕೆ ಬಂದದ್ದು ಅದಕ್ಕೂ ಆಮೇಲೆ, ಮಗು ಅಂಬೆಗಾಲಿಟ್ಟುಕೊಂಡು ನನ್ನ ಕಡೆ ಬಂದಾಗ. ‘ಬರಬೇಡ, ಬರಬೇಡ’ ಎಂದು ಕಿರುಚಿಬಿಟ್ಟೆ. ಅದು ಬೆಚ್ಚಿ ಅಳತೊಡಗಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ನಮ್ಮವರು ಟೋಪಿ ತೆಗೆಯುವುದು, ಹಾಕುವುದು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. ನಾನು ಎದ್ದು ಹೋಗಿ ಪಕ್ಕದಲ್ಲೇ ನಿಂತು, “ತೂತು ಎಲ್ಲಿದೆ?” ಅಂದೆ.

ಅವರು ತಿರುಗಿ ನೋಡಿ ನಕ್ಕರು. “ಇಲ್ಲಿದೆ ನೋಡಮ್ಮ. ಹೆದರ್ಕೋಬೇಡ, ಈಗೆಲ್ಲ ಇಂಜೆಕ್ಷನ್ ಬಂದಿದೆ. ಆದ್ರೆ ಬರೀ ಇಂಜೆಕ್ಷನ್ನಿಂದ ತೂತು ಮುಚ್ಚಲ್ಲ. ಮೈ ತುಂಬ್ಕೋಬೇಕು. ದಿನಾ ಹಾಲು, ಎರಡು ಮೊಟ್ಟೆ.”

ನಮ್ಮವರ ಟೋಪಿ ಕೆಳಗೆ ಬಿತ್ತು. “ಸಾರ್, ನಮ್ಮದು ಅರ್ಚಕರ ಮನೆ.”

“ಹಾಗಾದ್ರೆ ಹಾಲು ಜಾಸ್ತಿ ಕುಡೀಲಿ, ಬೇಳೆ ತಿನ್ನಲಿ. ತೂಕ ಏರಬೇಕು ಅಷ್ಟೇ. ಏರದೇ ಹೋದ್ರೆ ಮೈಸೂರಿಗೆ ಸ್ಯಾನಟೋರಿಯಮ್ಮಿಗೆ ಕಳಿಸ್ತೀನಿ. ಅಲ್ಲಿ ಆಪರೇಷನ್ನೂ ಬೇಕಾಗಬಹುದು.”

ಮೈಸೂರು ಎಂದರೆ ನನ್ನ ಪಾಲಿಗೆ ಮಗುವನ್ನು ಬಿಟ್ಟುಹೋಗುವುದು. ಅಲ್ಲಿಗೆ ಹೋದವರಲ್ಲಿ ತಿರುಗಿ ಬಂದವರೆಷ್ಟು ಎಂದು ಯಾರೂ ಹೇಳುತ್ತಿರಲಿಲ್ಲ. ಆವತ್ತೇ ನನ್ನನ್ನು ವಾರ್ಡಿಗೆ ಸೇರಿಸಿಕೊಂಡರು. ಅಂದಿನಿಂದ ತೂಕದ ಯಂತ್ರದ ಮುಳ್ಳೇ ನನಗೆ ದೇವರಾಯಿತು.

ಹಾಲು ಕೈಕೊಟ್ಟಿತು. ಇಂಜೆಕ್ಷನ್ನಿನ ಜತೆ ಒಂದು ಬಿಳಿ ಪುಡಿ ಕೊಡುತ್ತಿದ್ದರು. ನುಂಗಿದರೆ ಹೊಟ್ಟೆ ತೊಳಸಿ, ಮೇಲೆ ಹಾಲು ಕುಡಿದರೆ ಅದೂ ಪುಡಿಯೂ ಒಟ್ಟಿಗೇ ಹೊರಗೆ. ಬೇಳೆಯ ಕಟ್ಟೂ ನಿಲ್ಲಲಿಲ್ಲ. ಹೊಟ್ಟೆಯಲ್ಲಿ ನಿಂತದ್ದು ಒಂದೇ, ಸೌತೆಕಾಯಿ.

ಅದಕ್ಕೆ ಅತ್ತೆ ಮೊದಲೇ ತಯಾರಿದ್ದರು. “ರಕ್ತ ಕಾರೋದು ಅಂದ್ರೆ ಉಷ್ಣ. ಉಷ್ಣಕ್ಕೆ ಮತ್ತೆ ಮೊಟ್ಟೆ ಅಂತೆ! ಡಾಕ್ಟ್ರಿಗೆ ಎಂತ ತಲೆ ಉಂಟೋ ಇಲ್ವೋ?” ನೈವೇದ್ಯದ ಕೆಲಸ ಮುಗಿಸಿ, ಮಧ್ಯಾಹ್ನ ಬುಟ್ಟಿ ಹಿಡಿದು ಆಸ್ಪತ್ರೆಗೆ ನಡೆದು ಬರುವರು. ಸಂಜೆ ಮನೆಗೆ ಹೋಗಿ ಮತ್ತೆ ತಲೆಗೆ ನೀರು. ಬುಟ್ಟಿಯಲ್ಲಿ ಸೌತೆಕಾಯಿ ಕೋಸಂಬರಿ, ಸೌತೆಕಾಯಿ ಮಜ್ಜಿಗೆಹುಳಿ, ಸೌತೆಕಾಯಿ ದೋಸೆ, ತಿರುಳಿನ ತಂಬುಳಿ, ಬೀಜ ಅರೆದ ಪಾಯಸ. ಒಂದು ಚಾಕು, ಒಂದು ಹಸಿ ಸೌತೆಕಾಯಿ ಯಾವಾಗಲೂ ಇರಬೇಕು. ಡಾಕ್ಟರು ದೂರ ಕೂರಿ ಎಂದರೆ ಸ್ಟೂಲನ್ನು ಒಂದು ಗೇಣು ಹಿಂದೆ ತಳ್ಳಿ, ಅವರು ಆಚೆ ಹೋದ ಕೂಡಲೇ ಮುಂದೆ ಎಳೆದುಕೊಳ್ಳುವರು.

ಪಕ್ಕದ ಮಂಚದಲ್ಲಿ ದೇವಕ್ಕ ಇದ್ದಳು. ಭಾಗಮಂಡಲದ ಕಡೆಯ ಗೌಡರ ಮನೆಯ ಹೆಂಗಸು, ಕಾಫಿ ತೋಟದವಳು. ನನಗಿಂತ ಹಿರಿಯಳು, ನನಗಿಂತ ಮೊದಲು ಬಂದು ಮಲಗಿದವಳು. ಅವಳ ಗಂಡ ವಾರಕ್ಕೊಮ್ಮೆ ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಒಂದು ಬುಟ್ಟಿ ನಾಟಿಕೋಳಿ ಮೊಟ್ಟೆ ತರುತ್ತಿದ್ದ. ಆಸ್ಪತ್ರೆಯ ಅಡುಗೆಯವರು ಅದನ್ನು ಬೇಯಿಸಿ ಕೊಡುತ್ತಿದ್ದರು. ದೇವಕ್ಕನಿಗೆ ಅವುಗಳನ್ನು ಕಂಡರೇ ಆಗದು. “ನಂಗೆ ಬೊತ್ತು ಮಾರಾಯ್ತಿ, ನಂಗೆ ಬೊತ್ತು” ಎಂದು ತನ್ನ ಅರೆಭಾಷೆಯಲ್ಲಿ ಬೇಡವೆನ್ನುತ್ತ ತಟ್ಟೆ ಸರಿಸಿ, ನನ್ನ ಅತ್ತೆಯ ಕಡೆ ತಿರುಗಿ, “ಅಮ್ಮಾ, ಇಂದ್ ಎಂತ ಉಟ್ಟು ಬುಟ್ಟಿಲಿ?” ಎನ್ನುವಳು. ಅವಳ ಕಣ್ಣೆಲ್ಲ ಸೌತೆಕಾಯಿಯ ಮೇಲೆ. ಅತ್ತೆಗೆ ಇದರಿಂದ ಬಹಳ ಸಂತೋಷ. “ನೋಡಿದ್ಯಾ, ಮೊಟ್ಟೆ ತಿನ್ನೋರಿಗೇ ಮೊಟ್ಟೆ ಬೇಡವಂತೆ” ಎಂದು ನನಗೆ ಹೇಳಿ ಅವಳಿಗೂ ಒಂದು ಪಾಲು ಬಡಿಸುವರು, ಎತ್ತರದಿಂದ, ಎಲೆಗೆ ಕೈ ತಾಗದಂತೆ.

ನನಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಎರಡೂ ನೋಡಲು ಸಾಧಾರಣದವೇ. ಒಂದು ಬಳ್ಳಿಯದು, ಒಂದು ಕೋಳಿಯದು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಏನು? ಡಾಕ್ಟರು ರೌಂಡ್ಸಿಗೆ ಬಂದಾಗ ಕೇಳಿದೆ. “ಸೌತೆಕಾಯಿ ಅಂದ್ರೆ ನೀರಮ್ಮ. ಬಾಯಿಗೆ ಹಿತ, ಹೊಟ್ಟೆಗೆ ತಂಪು, ಮೈಗೆ ಹತ್ತೋದಿಲ್ಲ. ಮೊಟ್ಟೇಲಿ ಒಂದು ಮರಿ ಆಗೋಕೆ ಬೇಕಾದ್ದೆಲ್ಲ ಇದೆ. ರೆಕ್ಕೆ, ಮಾಂಸ, ಮೂಳೆ ಎಲ್ಲಾನೂ ಅದ್ರಿಂದ್ಲೇ ತಾನೇ ಆಗೋದು?” ಎಂದರು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಸರಿಯೇ ಅಲ್ಲವೇ! ಆದರೆ ಹೇಳಿದ್ದನ್ನು ಹಾಗೆಯೇ ನಂಬಿದರೆ ನಾನು ನಾನಾಗುತ್ತೇನೆಯೇ?

ಕಾಂಪೌಂಡರನ್ನು ಕಾಡಿ ಬೇಡಿ ಔಷಧಿ ತೂಗುವ ಪುಟ್ಟ ತಕ್ಕಡಿ ತರಿಸಿದೆ. ಸೌತೆಕಾಯಿಯ ಒಂದು ಹೋಳು, ದೇವಕ್ಕನ ಬೇಯಿಸಿದ ಮೊಟ್ಟೆಯ ಒಂದು ಹೋಳು. ಸಮತೂಕ ಬರುವವರೆಗೆ ಚೂರು ಚೂರೇ ಕೆತ್ತಿದೆವು. ಮಳೆಗಾಲ ಕಳೆದು ಒಳ್ಳೆ ಬಿಸಿಲಿದ್ದ ದಿನಗಳು. ಮೇಲೆ ಗಾಯದ ಬಟ್ಟೆ ಮುಚ್ಚಿ ಕಿಟಕಿಯ ದಂಡೆಯಲ್ಲಿಟ್ಟೆ. ವಾರ್ಡಿನವರಿಗೆಲ್ಲ ಅದೇ ಕೆಲಸ, ಎದ್ದು ಓಡಾಡಬಲ್ಲವರು ಬಂದು ಇಣುಕುವರು, ಮಲಗಿದವರು “ಎಂತಾಯ್ತು?” ಎಂದು ಕೂಗುವರು. ಸಾಯುತ್ತೇವೋ ಬದುಕುತ್ತೇವೋ ಎಂಬ ಚಿಂತೆ ಬಿಟ್ಟು ಸೌತೆಕಾಯಿ ಒಣಗಿತೇ ಎಂದು ಕೇಳುವುದು ಎಷ್ಟು ಹಗುರ ಎಂದು ಆಗ ಗೊತ್ತಾಯಿತು.

ಚೆನ್ನಾಗಿ ಒಣಗಿದ ಮೇಲೆ ಮತ್ತೆ ತಕ್ಕಡಿಗೆ ಹಾಕಿದೆವು. ಸೌತೆಕಾಯಿ ಕಾಗದದ ಚೂರಿನಷ್ಟು ತೆಳ್ಳಗೆ, ಸುರುಟಿದ ಅಂಚು. ಊದಿದರೆ ಹಾರಿಹೋಗುವಂತಿತ್ತು. ಮೊಟ್ಟೆ ಮುದುಡಿ ಗಟ್ಟಿಯಾಗಿ ಹಳದಿ ಬೆಲ್ಲದ ಚೂರಿನ ಹಾಗೆ ಕೂತಿತ್ತು. ಅದರ ತಟ್ಟೆ ದಡಕ್ಕನೆ ಕೆಳಗೆ. ಕಾಂಪೌಂಡರು “ಮೊಟ್ಟೆ ಪಾಸ್!” ಎಂದು ಕೈ ತಟ್ಟಿದರು.

ಮಧ್ಯಾಹ್ನ ಅತ್ತೆ ಬಂದರು. ಕಿಟಕಿ ನೋಡಿ, “ಎಂತದಿದು, ಆಸ್ಪತ್ರೇಲಿ ಹಪ್ಪಳ ಇಟ್ಟಿದ್ದೀಯಾ?” ಅಂದರು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. “ನೋಡಿ ಅತ್ತೆ, ನೀರು ಹೋದ ಮೇಲೆ ಸೌತೆಕಾಯೀಲಿ ಉಳಿಯೋದು ಇಷ್ಟೇ.”

ಅವರು ಆ ಒಣ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಬಿಸಿಲಿಗಿಟ್ರೆ ನೀನೂ ಹೀಗೇ ಆಗ್ತಿ. ಅದಕ್ಕೇ ನಿನ್ನಲ್ಲಿ ಏನೂ ಇಲ್ಲ ಅಂತ ಹೇಳೋದಾ?”

ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಈ ಹೆಂಗಸಿನ ಜತೆ ನಗಬಹುದು ಎಂದು ನನಗೆ ಹೊಳೆದದ್ದು ಅಂದೇ. ಅಲ್ಲಿಯವರೆಗೆ ಅವರೆದುರು ಹಲ್ಲು ತೋರಿಸಿರಲಿಲ್ಲ.

ಆದರೆ ತೂಕದ ಯಂತ್ರ ನಗಲಿಲ್ಲ. ಮುಂದಿನ ಸಲ ಹತ್ತಿ ನಿಂತಾಗ ಮುಳ್ಳು ಹಿಂದಿನ ಜಾಗಕ್ಕೂ ಬರದೆ ಈಚೆಗೇ ನಿಂತಿತು. ನರ್ಸಮ್ಮ ಯಂತ್ರವನ್ನು ಒಮ್ಮೆ ತಟ್ಟಿ ನೋಡಿದಳು. ಡಾಕ್ಟರು ಮಧ್ಯಾಹ್ನ ಅತ್ತೆ ಇದ್ದಾಗಲೇ ಬಂದರು.

“ಅಮ್ಮಾ, ನಿಮ್ಮ ಸೊಸೆ ಇಳೀತಾ ಇದಾಳೆ. ಹೀಗೇ ಆದ್ರೆ ಈ ತಿಂಗಳೇ ಮೈಸೂರಿಗೆ ಕಳಿಸಬೇಕಾಗುತ್ತೆ. ನೀವು ತರೋದೆಲ್ಲ ಬರೀ ನೀರು.”

“ನೀರಿಲ್ದೆ ಯಾರು ಬದುಕಿದ್ದಾರೆ ಡಾಕ್ಟ್ರೇ?” ಅತ್ತೆಯ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

“ನೀರೊಂದ್ರಲ್ಲೇ ಯಾರು ಬದುಕಿದಾರೆ, ನೀವೇ ಹೇಳಿ. ಹಾಲು ನಿಲ್ತಾ ಇಲ್ಲ, ಬೇಳೆ ನಿಲ್ತಾ ಇಲ್ಲ. ಮೊಟ್ಟೆ ಒಂದು ನೋಡೋಣ. ನಿಮಗೆ ಇಷ್ಟ ಇಲ್ದಿದ್ರೆ ನಾನು ಬಲವಂತ ಮಾಡಲ್ಲ. ಮಗು ಇದೆಯಲ್ಲ, ಅದಕ್ಕೆ ಹೇಳಿದೆ.”

ಅವರು ಹೋದ ಮೇಲೆ ಅತ್ತೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ದೇವಕ್ಕನ ಕಡೆ ನೋಡಿ, “ನಿನ್ನ ಹತ್ರ ಒಂದು ಉಂಟಾ?” ಅಂದರು.

ದೇವಕ್ಕ ನಗಲಿಲ್ಲ. ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆದು ನನ್ನ ಕೈಗಿಟ್ಟಳು. ಈಗ ನನ್ನ ಶೌರ್ಯ ನೋಡಬೇಕಿತ್ತು! ತಕ್ಕಡಿ ತರಿಸಿ ವಾದ ಮಾಡಿದವಳು, ಮೊಟ್ಟೆಯನ್ನು ಪಾಸ್ ಮಾಡಿದವಳು, ಅದನ್ನು ಬಾಯಿಯ ಹತ್ತಿರ ತಂದ ಕೂಡಲೇ ಓಕರಿಸಿದೆ. ಆ ಮೆತ್ತನೆ, ಆ ವಾಸನೆ. ಎರಡನೆಯ ಸಲವೂ ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. “ನನ್ನ ಕೈಲಾಗಲ್ಲ ಅತ್ತೆ. ಮೈಸೂರಿಗೇ ಹೋಗ್ತೇನೆ. ಮಗುನ ನೀವು ನೋಡ್ಕೊಳ್ಳಿ” ಎಂದುಬಿಟ್ಟೆ.

“ಕೊಡು ಇಲ್ಲಿ” ಎಂದರು ಅತ್ತೆ.

ನಮ್ಮಲ್ಲಿ ಮಕ್ಕಳಿಗೆ ಹಸಿ ಸೌತೆಕಾಯಿ ಹೇಗೆ ಕೊಡುತ್ತಾರೆಂದು ಗೊತ್ತಿರಬಹುದು. ತೊಟ್ಟಿನ ಕಡೆಯ ತುದಿ ಕತ್ತರಿಸಿ, ಅದನ್ನು ಉಜ್ಜಿ ನೊರೆ ತೆಗೆದು, ಹಿರಿಯರು ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡುತ್ತಾರೆ. ಕಹಿ ಇದ್ದರೆ ಕಾಯಿ ಬಿಸಾಕುತ್ತಾರೆ, ಇಲ್ಲವಾದರೆ ಮಕ್ಕಳ ಕೈಗೆ. ಅತ್ತೆ ಆ ಮಾಮೂಲು ತಪ್ಪಿದವರೇ ಅಲ್ಲ. ನನಗೂ ದಿನಾ ಹಾಗೆಯೇ ಕೊಡುತ್ತಿದ್ದರು. ಆವತ್ತು ಮೊಟ್ಟೆಯನ್ನು ಎಡಗೈಯಲ್ಲಿ ಹಿಡಿದರು. ಚಾಕು ತೆಗೆದರು. ತುದಿ ಕತ್ತರಿಸಿದರು. ಕತ್ತರಿಸಿದ ತುದಿಯಿಂದ ಮೊಟ್ಟೆಯ ಬಾಯನ್ನು ಎರಡು ಸಲ ಉಜ್ಜಿದರು. ಆಮೇಲೆ ಆ ತುದಿಯನ್ನು ಬಾಯಿಗೆ ಹಾಕಿಕೊಂಡರು.

“ಅಮ್ಮಾ!” ಎಂದು ದೇವಕ್ಕ ಎದ್ದು ಕೂತಳು.

ಅತ್ತೆ ಅಗಿಯುತ್ತಿದ್ದರು. ಉಗುಳಲಿಲ್ಲ. ನುಂಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. “ಕಹಿ ಇಲ್ಲ. ತಿನ್ನು” ಎಂದರು.

ಈ ಕಡೆ ಒಂದು ಸೌತೆಕಾಯಿ ಬಿಲ್ಲೆ, ಆ ಕಡೆ ಒಂದು, ನಡುವೆ ಮೊಟ್ಟೆಯ ತೆಳು ಹೋಳು, ಮೇಲೆ ಉಪ್ಪು, ಕಾಳುಮೆಣಸಿನ ಪುಡಿ. ಅವರೇ ಜೋಡಿಸಿ ನನ್ನ ಬಾಯಿಗಿಟ್ಟರು. ಸೌತೆಕಾಯಿಯ ತಂಪಿಗೆ ಮೊಟ್ಟೆಯ ವಾಸನೆ ಅಡಗಿತು. ಇಳಿಯಿತು. ಹೊಟ್ಟೆಯಲ್ಲಿ ನಿಂತಿತು. ನಾನು ಬಿಕ್ಕಿ ಬಿಕ್ಕಿ ಅಳುತ್ತ ಪೂರ್ತಿ ಮೊಟ್ಟೆ ತಿಂದೆ. “ನಂಗೂ ಹಂಗೆ ಮಾಡಿ ಕೊಡಿ” ಎಂದು ದೇವಕ್ಕ ಕೈ ನೀಡಿದಳು. ಎಷ್ಟೋ ದಿನದ ಮೇಲೆ ಅವಳೂ ಮೊಟ್ಟೆ ತಿಂದಳು.

ಆಮೇಲೆ ಮನೆಯಲ್ಲಿ ಏನಾಯಿತೆಂದು ನಮ್ಮವರು ಬಂದು ಹೇಳಿದರು. ಅತ್ತೆ ಮಾವನೆದುರು ನಿಂತು, “ನಾಳೆಯಿಂದ ನೈವೇದ್ಯಕ್ಕೆ ಬೇರೆ ಯಾರಿಗಾದ್ರೂ ಹೇಳಿ” ಎಂದರಂತೆ. ಯಾಕೆಂದು ಕೇಳಿದರೆ ಮುಚ್ಚಿಡದೆ ಹೇಳಿದರಂತೆ. ಮಾವ ಬೈಯಲಿಲ್ಲ. ಪಂಚಗವ್ಯ ತೆಗೆದುಕೊಂಡರೆ ಶುದ್ಧಿಯಾಗುತ್ತದೆ, ಅದೇನು ಮಹಾ, ನಾಳೆ ಬೆಳಿಗ್ಗೆಯೇ ಮುಗಿಸೋಣ ಎಂದರಂತೆ.

“ನಾಳೆ ಬೆಳಿಗ್ಗೆ ಶುದ್ಧಿ ಮಾಡಿಸ್ಕೊಂಡು ನಾಳೆ ಮಧ್ಯಾಹ್ನ ಮತ್ತೆ ಬಾಯಿಗೆ ಹಾಕ್ಕೊಳ್ಳೋದಾ? ದೇವರಿಗೆ ಮೋಸ ಮಾಡೋಕೆ ನಂಗೆ ಬರೋದಿಲ್ಲ. ಅವಳಿಗೆ ದಿನಾ ಬೇಕಂತೆ” ಎಂದು ಅತ್ತೆ ಒಳಗೆ ಹೋದರಂತೆ.

ಹೌದು, ದಿನಾ. ಮೊಟ್ಟೆ ಕಹಿಯಾಗುವ ವಸ್ತುವಲ್ಲ ಎಂದು ನಾನು ಹೇಳಿದೆ, ದೇವಕ್ಕ ಹೇಳಿದಳು, ಕೊನೆಗೆ ಡಾಕ್ಟರೂ ಹೇಳಿದರು. “ನಿಮ್ಗೆ ಹೇಗೆ ಗೊತ್ತು? ಪ್ರತಿಯೊಂದನ್ನೂ ಒಳಗೆ ಹೊಕ್ಕು ನೋಡಿದ್ದೀರಾ?” ಎಂದು ಅವರು ದಿನವೂ ತುದಿ ಕತ್ತರಿಸಿ ಬಾಯಿಗೆ ಹಾಕಿ, “ಕಹಿ ಇಲ್ಲ” ಎಂದ ಮೇಲೆಯೇ ನನಗೆ ಕೊಟ್ಟರು. ಮೊಟ್ಟೆಗಳನ್ನು ಮನೆಯೊಳಗೆ ತರಲಿಲ್ಲ. ದೇವಕ್ಕನ ಗಂಡ ಈಗ ಇಬ್ಬರಿಗಾಗುವಷ್ಟು ತರುತ್ತಿದ್ದ, ಅತ್ತೆ ಅವನ ಬುಟ್ಟಿಗೆ ಸೌತೆಕಾಯಿ ತುಂಬಿಸಿ ಕಳಿಸುತ್ತಿದ್ದರು.

ಮುಳ್ಳು ಮೊದಲು ನಿಂತಲ್ಲೇ ನಿಂತಿತು. ಆಮೇಲೆ ಕೂದಲೆಳೆಯಷ್ಟು ಆಚೆ ಸರಿಯಿತು. ಕುಪ್ಪಸ ಬಿಗಿಯಾಗತೊಡಗಿದಾಗ ನಾನು ಅದನ್ನು ಯಾರಿಗೂ ಹೇಳದೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಹೊಸ ಎಕ್ಸ್‌ರೇಯನ್ನು ಡಾಕ್ಟರು ಕಿಟಕಿಗೆ ಹಿಡಿದು, “ಬಾ ತಾಯಿ, ನೀನೇ ಹುಡುಕು, ತೂತು ಎಲ್ಲಿದೆ ಅಂತ” ಎಂದರು. ಹುಡುಕಿದೆ. ಅಲ್ಲೊಂದು ಮಸುಕು ಗೆರೆಯಿತ್ತು ಅಷ್ಟೇ. ಮೈಸೂರಿನ ಮಾತು ಮತ್ತೆ ಬರಲಿಲ್ಲ. ದೇವಕ್ಕ ನನಗಿಂತ ಮೊದಲು ಮನೆಗೆ ಹೋದಳು. ಹೋಗುವಾಗ ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಮಡಿ ಮೈಲಿಗೆ ಯೋಚಿಸದೆ ಅವಳ ಭುಜ ಹಿಡಿದು ಎಬ್ಬಿಸಿದರು.

ಯಾವುದು ಹೆಚ್ಚು ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೈ ಕಟ್ಟುವುದಕ್ಕೆ ಮೊಟ್ಟೆಯೇ ಸೈ, ಸೌತೆಕಾಯಿ ಅದರ ಹತ್ತಿರಕ್ಕೂ ಬಾರದು. ನನ್ನ ಅತ್ತೆ ಕೇಳಿಸಿಕೊಂಡರೆ ಬೇಸರಪಟ್ಟುಕೊಳ್ಳಬಹುದು, ಆದರೂ ಸತ್ಯ ಸತ್ಯವೇ. ಔಷಧಿಯಿಂದ ಬಾಯಿ ಸತ್ತುಹೋದಾಗ ಮಾತ್ರ ಸೌತೆಕಾಯಿಯೇ ನನ್ನ ಕೈಹಿಡಿದದ್ದು, ಮೊಟ್ಟೆ ಒಳಗೆ ಹೋಗಲು ದಾರಿ ಮಾಡಿಕೊಟ್ಟದ್ದೂ ಅದೇ. ಆಸ್ಪತ್ರೆಯಲ್ಲಿ ಮಲಗಿರುವಾಗ ಯಾರಾದರೂ ‘ಸೌತೆಕಾಯಿಯಲ್ಲಿ ಏನೂ ಇಲ್ಲ’ ಎಂದರೆ ನಂಬಬೇಡಿ. ಹೊಟ್ಟೆಯಲ್ಲಿ ನಿಲ್ಲುವುದನ್ನು ಮೊದಲು ತಿನ್ನಿ, ಬಲ ಕೊಡುವುದನ್ನು ಅದರ ಜತೆಗೆ ಸೇರಿಸಿ.

ಮನೆಗೆ ಬಂದ ಮೇಲೂ ಮಾತ್ರೆ, ಮೊಟ್ಟೆ ನಿಲ್ಲಿಸುವಂತಿರಲಿಲ್ಲ. ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಅತ್ತೆ ಬೇರೆಯೇ ಒಂದು ಒಲೆ ಹೂಡಿದರು. ಬೆಳಿಗ್ಗೆ ದೇವಸ್ಥಾನಕ್ಕೆ ಬೇರೊಂದು ಮನೆಯಿಂದ ನೈವೇದ್ಯ ಹೋಗುವಾಗ ಆ ಮನೆಯ ಹೆಂಗಸು ಬೀದಿಯಲ್ಲಿ ನಡೆಯುವುದು ನಮ್ಮ ಜಗಲಿಗೆ ಕಾಣುತ್ತಿತ್ತು. ಆ ಹೊತ್ತಿಗೆ ಅತ್ತೆ ಯಾವಾಗಲೂ ಹಿತ್ತಿಲಲ್ಲಿರುತ್ತಿದ್ದರು.

ಕಫದ ಪರೀಕ್ಷೆಯಲ್ಲಿ ಏನೂ ಇಲ್ಲ, ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಹೇಳಿ ಕಳಿಸಿದ ದಿನ ನಾನು ಜಗಲಿಯಲ್ಲಿ ಕೂತಿದ್ದೆ. ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು ನಿಂತರು. ಮಗು ಅವರ ಕೊರಳನ್ನು ಗಟ್ಟಿಯಾಗಿ ತಬ್ಬಿ, ನನ್ನನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿತು. ಅಂಥ ಹೊತ್ತಿನಲ್ಲೂ ನನ್ನ ಚಟ ಬಿಡಲಿಲ್ಲ.

“ಅತ್ತೆ, ಒಂದು ಕೇಳ್ತೇನೆ. ಮೊದಲನೇ ದಿನ ಆ ಮೊಟ್ಟೆ ತುದೀನ ಮರೆತು ಬಾಯಿಗೆ ಹಾಕ್ಕೊಂಡಿರೋ, ಗೊತ್ತಿದ್ದೇ ಹಾಕ್ಕೊಂಡಿರೋ?”

“ನಿಂಗೆ ಎಲ್ಲ ಬೇಕು. ಎಂತ ಹುಡುಗಿಯೋ!”

“ಹೇಳಿ ಅತ್ತೆ. ನಿಮ್ಮ ನೈವೇದ್ಯ ಹೋಯ್ತಲ್ಲ.”

ಅವರು ಮಗುವಿನ ಕೈಗಳನ್ನು ಕೊರಳಿನಿಂದ ಮೆಲ್ಲಗೆ ಒಂದೊಂದೇ ಬಿಡಿಸಿದರು.

“ದೇವರಿಗೆ ಬೇಯಿಸಿ ಹಾಕ್ಲಿಕ್ಕೆ ಈ ಊರಲ್ಲಿ ಹತ್ತು ಮನೆ ಉಂಟು. ನಿಂಗೆ ಕಹಿ ನೋಡಿ ಕೊಡ್ಲಿಕ್ಕೆ ಯಾರಿದ್ರು ಮಾರಾಯ್ತಿ?” ಎಂದು, ಅಳತೊಡಗಿದ ಮಗುವನ್ನು ನನ್ನ ಮಡಿಲಿಗೆ ಹಾಕಿದರು.